ನನ್ನ ನಾಲ್ಕು ಗ್ರಹ, ಅವನ ನಾಲ್ಕು ಗ್ರಹ

ಜುಲೈ 29, ಮಂಗಳವಾರ

ಸೇಡು ತೀರಿಸಿಕೊಳ್ಳೋನಿಗೆ ಮರೆವು ಇರಬಾರದು. ನನಗೆ ಒಸಿ ಐತೆ. ಅದಕ್ಕೇ ತಂಗಿ ಮಗಳು ಧನುಶ್ರೀಯ ಹಳೇ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳನ್ನ ಇವತ್ತು ನನ್ನದು ಮಾಡಿಕೊಂಡೆ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಅಕ್ಷರ ಮುತ್ತಿನ ಹಾಗೆ ಇವೆ, ಈ ಪುಟ ನೋಡಿದ ಯಾರಾದರೂ ಒಪ್ಪಬೇಕು. ಯಾರೂ ನೋಡಬಾರದು ಅನ್ನೋದು ಬೇರೆ ಮಾತು.

ಬೆಳಿಗ್ಗೆ ಶಾಲೆಯಿಂದ ಕರೆ ಬಂತು. ಧನು ಓದೋ ಐದನೇ ಕ್ಲಾಸಿನ ಹಫೀಜಾ ಮೇಡಂ ಮಕ್ಕಳ ಕೈಲಿ ವಿಜ್ಞಾನ, ಚಿತ್ರಕಲೆ ಎರಡನ್ನೂ ಸೇರಿಸಿ ಒಂದು ಕೆಲಸ ಮಾಡಿಸ್ತಾರಂತೆ. ಆಗಸ್ಟ್ ಇಪ್ಪತ್ತಮೂರು ಬಾಹ್ಯಾಕಾಶ ದಿನ. ಅವತ್ತು ಬಿಸಿಯೂಟದ ಹಾಲ್‌ನಲ್ಲಿ ಸೂರ್ಯನನ್ನೂ ಎಂಟು ಗ್ರಹಗಳನ್ನೂ ನೇತು ಹಾಕೋದು. ಸೂರ್ಯನಿಗೆ ರೇಷ್ಮೆ ಹುಳ ಮೇಯಿಸೋ ದೊಡ್ಡ ಬಿದಿರು ತಟ್ಟೆ. ಗ್ರಹಗಳಿಗೆ ಪ್ಲಾಸ್ಟಿಕ್ ಚೆಂಡು ಬೇಡ, ನಮ್ಮ ಕಡೆಯ ಬೊಂಬೆ ಕೆಲಸದವರೇ ಮರದಲ್ಲಿ ಕಡೆದು ಕೊಡಬೇಕು. ಕೆಳಗೆ ಚೀಟಿ ಅಂಟಿಸಿ, ಮಾಡಿದವರ ಹೆಸರು ಬರೀತಾರೆ.

"ಮೇಡಂ, ಸರಿಯಾದ ಜಾಗಕ್ಕೇ ಬಂದಿದೀರ. ಚನ್ನಪಟ್ಣದಲ್ಲಿ ನನ್ನ ಕೈಕೆಲಸ ನೋಡಿದೋರು ಯಾರೂ ಬೇರೆಯೋರ ಕೈಕೆಲಸ ನೋಡಲ್ಲ" ಅಂದೆ.

"ಗೊತ್ತು ಅನಂತರಾಜು ಅವರೇ. ಅದಕ್ಕೇ ಸೂರ್ಯನ ಹತ್ತಿರದ ನಾಲ್ಕು ನಿಮಗೆ. ಆಚೆ ನಾಲ್ಕು ಶಂಭುಲಿಂಗ ಅವರಿಗೆ" ಅಂದರು.

ಆ ಹೆಸರು ಕೇಳಿದ ಮೇಲೆ ಮೇಡಂ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಅವರಿಗೆ ನಮ್ಮಿಬ್ಬರ ಕಥೆ ಗೊತ್ತಿಲ್ಲ ಪಾಪ, ಊರಿಗೆ ಬಂದು ಒಂದೇ ವರ್ಷ.

ಶಂಭು, ನಾನು ಇಬ್ಬರೂ ಪೀರ್ ಸಾಬ್ ಕೈ ಕೆಳಗೆ ಕಲಿತೋರು. ಒಂದೇ ತಟ್ಟೆಯಲ್ಲಿ ಉಂಡೋರು. ಮೂರು ವರ್ಷದ ಹಿಂದೆ ನಾನೊಂದು ಬುಗುರಿ ಮಾಡಿದೆ. ಬಿಟ್ಟರೆ ಒಸಿ ಹೊತ್ತು ನೆಟ್ಟಗೆ ತಿರುಗಿ, ಆಮೇಲೆ ತಾನಾಗೇ ಬಗ್ಗಿ ತಲೆಕೆಳಗಾಗಿ ನಿಂತು ತಿರುಗೋದು. ಹನ್ನೊಂದು ದಿನದ ಕೆಲಸ. ಪ್ರದರ್ಶನದ ದಿನ ನನಗೆ ಜ್ವರ. ಶಂಭು ಕೈಲಿ ಕೊಟ್ಟು ಕಳಿಸಿದೆ. ಮಾರನೇ ದಿನ ಪೇಪರಿನಲ್ಲಿ ಬುಗುರಿ ಹಿಡಿದ ಶಂಭು ಫೋಟೋ, ಕೆಳಗೆ "ಶಂಭುಲಿಂಗ ಅವರ ಕೈಚಳಕ" ಅಂತ.

ಆ ಪೇಪರಿನ ತುಂಡು ಇನ್ನೂ ನನ್ನ ಪೆಟ್ಟಿಗೆಯಲ್ಲಿ ಐತೆ. ಅವತ್ತಿಂದ ಅವನ ಜೊತೆ ಮಾತಿಲ್ಲ. ಅವನ ಶೆಡ್ಡು ಹಾಲಿನ ಡೇರಿ ಪಕ್ಕ, ನಾನು ಹಾಲು ಹಾಕೋಕೂ ಸುತ್ತಿಕೊಂಡು ಹೋಗ್ತೀನಿ.

ಈಗ ಗುರು, ಶನಿ ಅವನಿಗೆ. ದಪ್ಪ ದಪ್ಪ ಗ್ರಹಗಳೆಲ್ಲ ಅವನಿಗೆ. ನನಗೆ ಗೋಲಿ. ಇರಲಿ. ಊರೋರ ಮುಂದೆ, ಅವತ್ತು ಬರೋ ಆಫೀಸರ ಮುಂದೆ ಅವನ ಕೆಲಸದಲ್ಲಿ ತಪ್ಪು ತೆಗೆದು, ಅವನ ತಲೆ ಬಗ್ಗಿಸದೆ ಬಿಟ್ಟರೆ ನಾನು ಅನಂತರಾಜು ಅಲ್ಲ.

ಜುಲೈ 31, ಗುರುವಾರ

ಬುಧ ಮುಗೀತು. ಶುಕ್ರ ಮುಗೀತು. ಲೇತ್ ಮೇಲೆ ಆಲೆಮರ ಬೆಣ್ಣೆ ಥರ ಸುಲಿದುಕೊಂಡು ಬಂತು. ತಿರುಗೋ ಮರಕ್ಕೆ ಬಣ್ಣದ ಅರಗು ಒತ್ತಿ, ಕೇದಗೆ ಗರಿಯಲ್ಲಿ ಉಜ್ಜಿ ಇಟ್ಟರೆ ಶುಕ್ರನ ಮೇಲೆ ನನ್ನ ಮುಖ ಕಾಣ್ತಿತ್ತು. ಒಳ್ಳೆ ಮುಖ.

ಧನು ಶಾಲೆಯಿಂದ ಬಂದು ಲೇತ್ ಪಕ್ಕ ಕೂತು ಪಾಠ ಓದ್ತಾಳೆ. ಅವಳ ಅಮ್ಮ, ನನ್ನ ತಂಗಿ ರಮ್ಯಾ, ಹಾರೋಹಳ್ಳಿ ಫ್ಯಾಕ್ಟರಿಯಿಂದ ಬರೋ ತನಕ ಅವಳು ನನ್ನ ಸುಪರ್ದಿಯಲ್ಲಿ.

"ಮಾವ, ಮೊದಲು ನಿನ್ನ ನಾಲ್ಕರ ಪುಟ ಓದಲಾ?"

"ನನ್ನ ನಾಲ್ಕು ನನಗೆ ಗೊತ್ತು ಕಣವ್ವ, ಮಾಡ್ತಿರೋನೇ ನಾನು. ಅವನ ನಾಲ್ಕರದ್ದು ಓದು."

"ಯಾಕೆ?"

"ಸುಮ್ನೆ. ಜ್ಞಾನಕ್ಕೆ."

ಗುರುವಿನ ಮೇಲೆ ಪಟ್ಟೆ ಪಟ್ಟೆ ಇರ್ತವಂತೆ. ಹಾಳಾದೋನಿಗೆ ಲೇತ್ ಮೇಲೆ ತಾನಾಗೇ ಬರೋ ಕೆಲಸ! ಅರಗು ಒತ್ತಿ ಹಿಡಿದರೆ ಪಟ್ಟೆ, ಎತ್ತಿದರೆ ಗುರು. ಅದರಲ್ಲಿ ತಪ್ಪು ಸಿಗಲ್ಲ.

ಆಗಸ್ಟ್ 4, ಸೋಮವಾರ

ಮಾನ ಹೋಯ್ತು.

ಭೂಮಿ ಮಾಡಿ ತಗೊಂಡು ಹೋಗಿದ್ದೆ. ನೀಲಿ ಪಟ್ಟೆ, ಹಸಿರು ಪಟ್ಟೆ, ಕಂದು ಪಟ್ಟೆ, ಮೇಲೆ ಕೆಳಗೆ ಬಿಳಿ ಟೋಪಿ. ಲೇತ್ ಮೇಲೆ ಬಣ್ಣ ಉಂಗುರವಾಗಿಯೇ ಬರೋದು, ಅದು ದೇವರು ಮಾಡಿದ ನಿಯಮ. ಇಪ್ಪತ್ತಾರು ಮಕ್ಕಳೂ ನೋಡಿ ನಕ್ಕವು.

"ಅಂಕಲ್, ಇದು ಐಸ್‌ಕ್ರೀಮು."

"ಇಂಡಿಯಾ ಎಲ್ಲಿ ಅಂಕಲ್?"

ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಹೊಸದೊಂದು ಬರೀ ನೀಲಿ ಮಾಡಿಕೊಡಿ. ಟೋಪಿ ಇರಲಿ. ನೆಲ ಮಕ್ಕಳು ಬರೀತಾರೆ" ಅಂದರು.

ಅರಗಿನ ಮೇಲೆ ಬ್ರಷ್ಷು! ಪೀರ್ ಸಾಬ್ ಬದುಕಿದ್ದರೆ ಉಳಿ ಎಸೆಯೋರು. ಆದರೂ ಒಪ್ಪಿದೆ, ಯಾಕೆಂದರೆ ಜಗಳ ಮಾಡಿದರೆ ಆ ನಾಲ್ಕೂ ಶಂಭುಗೇ ಹೋಗ್ತವೆ. ಹೋಗೋವಾಗ ಕಿಟಕಿ ಹತ್ತಿರ ಒಂದು ಸಣಕಲು ಹುಡುಗಿ ಬಂದು, "ಅಂಕಲ್, ಐಸ್‌ಕ್ರೀಮು ನಾನು ಇಟ್ಕೊಳ್ಳಲಾ? ಚೆನ್ನಾಗೈತೆ" ಅಂದಳು. ಕೊಟ್ಟೆ. ಆಮೇಲೆ ಧನು ಹೇಳ್ತಾಳೆ, ಅವಳು ಶ್ರುತಿ, ಶಂಭುಲಿಂಗನ ಮಗಳ ಮಗಳು. ವಾಪಸ್ ಕೇಳೋಕಾಗುತ್ತಾ? ನನ್ನ ಮೂರ್ಖತನ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಒಬ್ಬಟ್ಟು. ಮಂಗಳ ಗ್ರಹ ಮುಗೀತು, ಕೆಂಪು ಜೋರಾಗಿ ಬಂದಿದೆ. ಬರೀ ನೀಲಿಯ ಹೊಸ ಭೂಮಿನೂ ಮಾಡಿ ಶಾಲೆಗೆ ಕೊಟ್ಟಾಯ್ತು. ಸೇಡು ಹಾಗೇ ಇದೆ.

ಆಗಸ್ಟ್ 11, ಸೋಮವಾರ

ಸಿಕ್ಕಿಬಿದ್ದ! ಸಿಕ್ಕಿಬಿದ್ದ! ಸಿಕ್ಕಿಬಿದ್ದ!

ಧನು ಓದ್ತಿದ್ದಳು. ಏಳನೇದು ಯುರೇನಸ್. ಅದು ಮಿಕ್ಕವುಗಳ ಹಾಗೆ ಬುಗುರಿ ಥರ ನೆಟ್ಟಗೆ ನಿಂತು ತಿರುಗಲ್ಲವಂತೆ. ಪಕ್ಕಕ್ಕೆ ಮಲಗಿ, ಗಾಡಿ ಚಕ್ರದ ಹಾಗೆ ಉರುಳಿಕೊಂಡು ಸೂರ್ಯನ ಸುತ್ತ ಹೋಗುತ್ತಂತೆ. ಎಂದೋ ಯಾವುದೋ ದೊಡ್ಡ ಬಂಡೆ ಗುದ್ದಿ ಕೆಡವಿರಬೇಕು ಅಂತಾರೆ.

ಮೂರು ಸಲ ಓದಿಸಿದೆ.

ಶಂಭು ಹೇಗೆ ಮಾಡ್ತಾನೆ ಅಂತ ನನಗೆ ಗೊತ್ತಿಲ್ಲವಾ? ಕಣ್ಣು ಮುಚ್ಚಿದರೆ ಕಾಣುತ್ತೆ. ಗುಂಡು ಲೇತಿಗೆ ಎಲ್ಲಿ ಸಿಕ್ಕಿಸಿದೆವೋ ಅಲ್ಲೇ ದಾರಕ್ಕೂ ತೂತು ಕೊರೀತೀವಿ. ಬೇರೆ ಕಡೆ ಕೊರೆಯೋ ಯೋಚನೆ ಕೂಡ ನಮ್ಮಂಥ ಕೆಲಸಗಾರನಿಗೆ ಬರಲ್ಲ. ಹಾಗೆ ಕೊರೆದರೆ ಯುರೇನಸ್ ನೆಟ್ಟಗೆ ನಿಲ್ಲುತ್ತೆ, ಪೊಲೀಸಿನವನ ಥರ.

ಸಂಜೆ ಶಾಲೆಗೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಅವನ ನಾಲ್ಕೂ ಬಂದಿದ್ದವು. ಯುರೇನಸ್ ತಿಳಿ ಹಸಿರು, ಸೊಂಟದ ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ. ಹೊಟ್ಟೆ ಉರಿಯೋಷ್ಟು ನುಣುಪು. ತೂತು ಮಾತ್ರ ನಾನು ಹೇಳಿದ ಜಾಗದಲ್ಲೇ.

ಆಗಸ್ಟ್ 13, ಬುಧವಾರ

ಧನುಗೆ ಎಲ್ಲ ವಿವರಿಸಿದೆ. ಆಫೀಸರು ಮುಂದೆ ಕೂತಿರುವಾಗ ಅವಳು ಕೈ ಎತ್ತಬೇಕು. "ಯುರೇನಸ್ ಮಲಗಿರಬೇಕಲ್ಲವಾ ಸಾರ್, ಇದ್ಯಾಕೆ ನಿಂತೈತೆ?" ಅಂತ ಕೇಳಬೇಕು. ಅಷ್ಟೇ. ಮಿಕ್ಕಿದ್ದು ನಾನು ಎದ್ದು ನಿಂತು ನೋಡಿಕೊಳ್ತೀನಿ.

"ಆಗಲ್ಲ ಮಾವ."

"ಯಾಕಾಗಲ್ಲ? ನಿಜ ತಾನೇ?"

"ಯುರೇನಸ್ ಬಗ್ಗೆ ಮಾತಾಡೋಳು ಶ್ರುತಿ. ನಾನು ಕೇಳಿದ್ರೆ ಅವಳು ತಾನೇ ಅಲ್ಲಿ ನಿಂತಿರ್ತಾಳೆ? ಅವಳ ತಾತ ಅಲ್ವಲ್ಲ."

"ಅವಳಿಗೂ ಅವನಿಗೂ ಒಂದೇ ರಕ್ತ."

ಧನು ನನ್ನನ್ನ ನೋಡಿದ ರೀತಿ ಅವರಮ್ಮ ನೋಡೋ ಹಾಗೇ ಇತ್ತು. "ಯಾರಿಗೂ ಯುರೇನಸ್ ಬೇಡ ಅಂದಾಗ ಅವಳು ತಗೊಂಡ್ಳು ಮಾವ. ಒಂದು ವಾರದಿಂದ ಬಾಯಿಪಾಠ ಮಾಡ್ತಾವ್ಳೆ. ಪ್ರಶ್ನೆ ಬೇಕಿದ್ರೆ ನೀನೇ ಕೇಳ್ಕೋ" ಅಂತ ಬ್ಯಾಗು ತಗೊಂಡು ಒಳಗೆ ಹೋದಳು.

ನಮ್ಮ ಮನೆ ಅನ್ನ ತಿಂದು ಅವರ ಪಾರ್ಟಿ.

ಆಗಸ್ಟ್ 14, ಗುರುವಾರ

ಶಾಲೆಯಲ್ಲಿ ಅಭ್ಯಾಸ ನಡೀತಿತ್ತು. ಗ್ರಹ ನೇತು ಹಾಕೋ ಕೊಕ್ಕೆ ಹೊಡೆಯೋ ನೆಪದಲ್ಲಿ ಹೋದೆ. ಆ ಹುಡುಗಿ ಶ್ರುತಿ ಮುಂದೆ ಬಂದು ನಿಂತಳು. ಧ್ವನಿ ಸೊಳ್ಳೆಯಷ್ಟು. "ನನ್ನ ಗ್ರಹ ಯುರೇನಸ್. ಇದು ಮಲಗಿಕೊಂಡೇ ಸುತ್ತುತ್ತದೆ..." ಅಂತ ತಲೆ ಎತ್ತಿ ನೋಡಿದಳು. ಮೇಲೆ ಯುರೇನಸ್ ನೆಟ್ಟಗೆ ನಿಂತಿತ್ತು. ಮಾತು ಅಲ್ಲೇ ನಿಂತುಹೋಯ್ತು. ಎರಡು ಸಲ ಶುರು ಮಾಡಿದಳು, ಎರಡು ಸಲವೂ ಅಲ್ಲೇ ನಿಂತಳು.

ಮೇಡಂ ಗಮನ ಮಂಗಳದ ಕಡೆ ಇತ್ತು. ನಾನು ಕೊಕ್ಕೆ ಹೊಡೀತಾನೇ ಇದ್ದೆ. ಒಂದು ಏಟು ಹೆಬ್ಬೆರಳಿಗೆ ಬಿತ್ತು.

ಆಗಸ್ಟ್ 18, ಸೋಮವಾರ

ಯೋಚನೆ ಮಾಡಿದೆ. ಪ್ರಶ್ನೆ ಕೇಳಿಸೋದು ಸಣ್ಣ ಸೇಡು. ಕೇಳಿದರೆ ಶಂಭು "ಮೇಡಂ ನಂಗೆ ಹೇಳಿಲ್ಲ" ಅಂತ ಜಾರಿಕೊಳ್ತಾನೆ. ದೊಡ್ಡ ಸೇಡು ಬೇರೆ ಐತೆ. ಅವನ ಕೆಲಸವನ್ನ ಅವನಿಗೇ ಗೊತ್ತಾಗದ ಹಾಗೆ ನಾನು ತಿದ್ದಿಬಿಡ್ತೀನಿ. ಅವತ್ತು ಎಲ್ಲರ ಮುಂದೆ ತಲೆ ಎತ್ತಿ ನೋಡ್ತಾನೆ, ಯುರೇನಸ್ ಮಲಗಿರುತ್ತೆ. ತನಗಿಂತ ಮೇಲಿನ ಕೈ ಒಂದು ಮುಟ್ಟಿದೆ ಅಂತ ಅವನಿಗೊಬ್ಬನಿಗೆ ಗೊತ್ತಾಗುತ್ತೆ. ಸಾಯೋ ತನಕ ಉರೀತದೆ. ಆ ಹುಡುಗಿಗೂ ಇದಕ್ಕೂ ಸಂಬಂಧ ಇಲ್ಲ.

ಮಧ್ಯಾಹ್ನ "ಪಾಲಿಶ್ ಒಸಿ ಹಿಡೀಬೇಕು ಮೇಡಂ" ಅಂತ ಸುಳ್ಳು ಹೇಳಿ ಯುರೇನಸ್ಸನ್ನ ಟವೆಲಿನಲ್ಲಿ ಸುತ್ತಿಕೊಂಡೆ. ಅಭ್ಯಾಸ ಮುಗಿಸಿ ಗ್ರಹಗಳನ್ನ ಇಳಿಸಿಟ್ಟಿದ್ದ ಪೆಟ್ಟಿಗೆಯಲ್ಲಿ ನನ್ನ ನೀಲಿ ಭೂಮಿ ಇರಲಿಲ್ಲ.

"ಭೂಮಿ ಎಲ್ಲಿ?"

"ಶ್ರುತಿ ಮನೆಗೆ ತಗೊಂಡು ಹೋಗಿದಾಳೆ, ಮೋಡ ಬರೆಯೋದು ಬಾಕಿ ಇತ್ತು. ನಾಡಿದ್ದು ತರ್ತಾಳೆ" ಅಂದರು ಮೇಡಂ.

ನನ್ನ ಭೂಮಿ ಶತ್ರುವಿನ ಮನೆಯಲ್ಲಿ! ಬಾಯಿ ಬಿಡೋ ಹಾಗಿಲ್ಲ, ಅವನ ಗ್ರಹ ನನ್ನ ಕಂಕುಳಲ್ಲಿ.

ಮನೆಗೆ ಬಂದು ಹಳೇ ತೂತಿಗೆ ಆಲೆಮರದ ಬೆಣೆ ಇಟ್ಟೆ. ಪೀರ್ ಸಾಬ್ ಕಲಿಸಿದ ಹಾಗೆ. ಮರದ ಎಳೆ ಯಾವ ಕಡೆ ಓಡುತ್ತೆ ಅಂತ ಗುರುತಿಗೆ ಬೆಣೆಯ ತಲೆ ಮೇಲೆ ಉಗುರು ಗೀರಿದಷ್ಟು ಒಂದು ಕಚ್ಚು ಹಾಕೋರು. ಅರಗು ಹಚ್ಚಿದ ಮೇಲೆ ಅದು ಕಣ್ಣಿಗೆ ಸಿಗಲ್ಲ, ಬೆರಳಿಗೆ ಮಾತ್ರ ಸಿಗುತ್ತೆ. ಈಗ ಅದನ್ನ ಬಲ್ಲೋರು ಇಬ್ಬರೇ, ನಾನು, ಶಂಭು. ಹಾಕಿದೆ, ಬೇಕು ಅಂತಲೇ ಹಾಕಿದೆ. ಆಮೇಲೆ ಬಿಳಿ ಗೆರೆಯ ಮೇಲೇ ಹೊಸ ತೂತು ಕೊರೆದೆ.

ಕೈಯಲ್ಲಿ ಹಿಡಿದು ನೋಡಿದರೆ ಅವನ ಕಡೆತದಲ್ಲಿ ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಕಳ್ಳನ ಮಗ. ಮೊದಲಿಂದಲೂ ಗುಂಡು ಕಡೆಯೋದರಲ್ಲಿ ನನಗಿಂತ ಒಸಿ... ಬೇಡ, ಬರೆಯಲ್ಲ.

ಆಗಸ್ಟ್ 20, ಬುಧವಾರ

ಯುರೇನಸ್ ಇಟ್ಟು ಬಂದೆ. ಭೂಮಿನೂ ಬಂದಿತ್ತು, ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ. ಬಿಚ್ಚಿ ನೋಡೋಕೆ ಹೋದೆ, ಮೇಡಂ "ಬಣ್ಣ ಕಿತ್ತು ಬರುತ್ತೆ, ಮುಟ್ಟಬೇಡಿ" ಅಂದುಬಿಟ್ಟರು.

ಶರ್ಟು ಇಸ್ತ್ರಿ ಆಯ್ತು. ಶನಿವಾರ ಬರಲಿ.

ಆಗಸ್ಟ್ 23, ಶನಿವಾರ

ಇವತ್ತಿನದು ಪೂರ್ತಿ ಬರೀಬೇಕು, ಕೈ ನೋಯಲಿ.

ಹಾಲ್ ತುಂಬಿತ್ತು. ಕಿಟಕಿಗಳಿಗೆ ಕರೀ ಬಟ್ಟೆ ಕಟ್ಟಿದ್ದರು. ಮಕ್ಕಳು ಅದರ ಮೇಲೆ ಹಲ್ಲುಜ್ಜೋ ಬ್ರಷ್ಷಿನಲ್ಲಿ ಸುಣ್ಣ ಸಿಡಿಸಿ ನಕ್ಷತ್ರ ಮಾಡಿದ್ದವು. ಬಿದಿರು ತಟ್ಟೆ ಸೂರ್ಯ ಅರಿಶಿನ, ಕುಂಕುಮದ ಬಣ್ಣದಲ್ಲಿ ಧಗಧಗ ಅಂತಿದ್ದ. ನಮ್ಮ ಎಂಟೂ ಸಾಲಾಗಿ ತೂಗುತ್ತಿದ್ದವು. ಯಾರಾದರೂ ಬಾಗಿಲು ತೆಗೆದರೆ ಗಾಳಿಗೆ ಒಂದೊಂದೂ ಮೆಲ್ಲಗೆ ತಿರುಗೋವು. ಎಂಟನ್ನೂ ಎರಡೆರಡು ಸಲ ಎಣಿಸಿದೆ. ಸೇಡಿನ ಸಮಯ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು.

ಶಂಭು ಎರಡನೇ ಸಾಲಿನಲ್ಲಿ, ನಾನು ನಾಲ್ಕನೇ ಸಾಲಿನಲ್ಲಿ. ತಾಲ್ಲೂಕು ಆಫೀಸಿಂದ ಒಬ್ಬ ಸಾಹೇಬರು ಬಂದಿದ್ದರು.

ನನ್ನ ಭೂಮಿ ನೋಡಿದೆ. ವಾಲಿಕೊಂಡಿತ್ತು! ಬಿಳಿ ಟೋಪಿ ಓರೆ ಇಟ್ಟುಕೊಂಡ ಕುಡುಕನ ಥರ. ಮಕ್ಕಳು ದಾರ ಎಳೆದೂ ಎಳೆದೂ ಹಾಳು ಮಾಡಿವೆ ಅಂತ ಹಲ್ಲು ಕಡಿದೆ. ಅಷ್ಟರಲ್ಲಿ ಸಾಹೇಬರು ಅದರ ಹತ್ತಿರ ಹೋಗಿ ಕನ್ನಡಕ ಸರಿ ಮಾಡಿಕೊಂಡರು.

"ಅರೆ! ಭೂಮಿ ವಾಲಿರಬೇಕಾದಷ್ಟೇ ವಾಲಿದೆ. ಪೇಟೆ ಶಾಲೆಗಳಲ್ಲೂ ಇದನ್ನ ನೆಟ್ಟಗೆ ನೇತು ಹಾಕಿರ್ತಾರೆ. ಈ ಓರೆ ಇರೋದಕ್ಕೇ ಅಲ್ಲವಾ ಮಳೆಗಾಲ, ಬೇಸಿಗೆ ಎಲ್ಲ. ಯಾರು ಮಾಡಿದ್ದು?"

ಮೇಡಂ ನನ್ನ ಕಡೆ ಕೈ ತೋರಿಸಿದರು. ಒಬ್ಬ ಹುಡುಗಿ ಮೈಕು ತಂದು ನನ್ನ ಬಾಯಿ ಮುಂದೆ ಹಿಡಿದಳು. ನೂರು ತಲೆ ತಿರುಗಿದವು.

ಭೂಮಿ ವಾಲಿರುತ್ತೆ ಅಂತ ನನಗೆ ಆ ಕ್ಷಣದ ತನಕ ಗೊತ್ತಿರಲಿಲ್ಲ. ನನ್ನ ನಾಲ್ಕರ ಪುಟ ನಾನು ಓದಿಸಿಯೇ ಇರಲಿಲ್ಲ.

"ನಾನೇ ಸಾರ್" ಅಂದೆ. "ಬೇಕು ಅಂತಲೇ ಓರೆ ಕೊರೆದಿದ್ದು. ನೆಟ್ಟಗೆ ಯಾರು ಬೇಕಾದ್ರೂ ಕೊರೀತಾರೆ. ಓರೆ ಕೊರೆಯೋಕೆ ಕೈ ಬೇಕು."

ಚಪ್ಪಾಳೆ. ಶಂಭುನೂ ತಟ್ಟಿದ. ನನ್ನ ಕಡೆ ತಿರುಗಿ ನೋಡಲಿಲ್ಲ, ಮುಂದೆ ನೋಡಿಕೊಂಡೇ ತಟ್ಟಿದ.

ಗುರು ಆಯ್ತು, ಶನಿ ಆಯ್ತು. ಶ್ರುತಿ ಬಂದಳು. "ನನ್ನ ಗ್ರಹ ಯುರೇನಸ್. ಇದು ಮಲಗಿಕೊಂಡೇ ಸುತ್ತುತ್ತದೆ" ಅಂತ ತಲೆ ಎತ್ತಿದಳು. ಬಿಳಿ ಗೆರೆ ಮೇಲಿಂದ ಕೆಳಕ್ಕೆ ನಿಂತಿತ್ತು. ಯುರೇನಸ್ ಮಲಗಿತ್ತು. ಹುಡುಗಿ ಬಾಯಿ ತೆರೆದುಕೊಂಡು ಒಸಿ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೊಳ್ಳೆ ಧ್ವನಿ ಹೋಗಿ ಗಂಟೆ ಧ್ವನಿ ಬಂತು ನೋಡಿ! ಒಂದು ಸಲವೂ ತಡವರಿಸದೆ ಕೊನೇ ತನಕ ಹೇಳಿದಳು. ನಾನು ಎದ್ದು ನಿಂತಿದ್ದೆನಂತೆ, ಪಕ್ಕದಲ್ಲಿದ್ದ ಚಿಕ್ಕಹನುಮಯ್ಯ ಶರ್ಟು ಹಿಡಿದು ಕೂರಿಸಿದ.

ಸಾಹೇಬರು ಶಂಭುವನ್ನ ಕರೆದರು. ಅವನು ಮುಂದೆ ಹೋಗಿ ಯುರೇನಸ್ಸನ್ನ ಕೈಗೆ ತಗೊಂಡ. ಹಳೇ ತೂತಿನ ಜಾಗದಲ್ಲಿ ಹೆಬ್ಬೆರಳು ಆಡಿಸಿದ. ಬೆರಳು ನಿಂತಿತು. ಬಂತು ಬಂತು, ನನ್ನ ಸೇಡು ಬಂತು ಅಂತ ಸೀಟಿನ ತುದಿಗೆ ಬಂದೆ.

ಮೈಕು ಅವನ ಬಾಯಿ ಮುಂದೆ ಹೋಯ್ತು.

"ಕಡೆದಿದ್ದು ನಾನು ಸಾರ್. ಮಲಗಿಸಿದ್ದು ನಾನಲ್ಲ. ನಾನು ತಪ್ಪಾಗಿ ಕೊರೆದಿದ್ದೆ. ತಿದ್ದಿರೋನು ನನಗಿಂತ ಚೆನ್ನಾಗಿ ಕೆಲಸ ಬಲ್ಲೋನು" ಅಂದ. ಅಂದು ಬಂದು ಕೂತ.

ಅವನ ತಲೆ ಬಗ್ಗಿರಲಿಲ್ಲ. ನಾನು ಕಾದಿದ್ದು ಅದಕ್ಕಲ್ಲ.

ಎಲ್ಲ ಮುಗಿದು ಚಿತ್ರಾನ್ನ ಹಂಚುವಾಗ ನಾನು ಸ್ಟೂಲ್ ಹತ್ತಿ ಭೂಮಿ ಇಳಿಸಿದೆ. ದಾರ ಜಾರಿರಲಿಲ್ಲ. ತೂತೇ ಬೇರೆ ಕಡೆ ಇತ್ತು, ಓರೆಯಾಗಿ, ಸೂಜಿ ಹಾಕಿದ ಹಾಗೆ. ಬಿಳಿ ಟೋಪಿಯ ನಡುವೆ ನನ್ನ ಹಳೇ ತೂತಿದ್ದ ಜಾಗದಲ್ಲಿ ಏನೂ ಕಾಣಲಿಲ್ಲ. ಹೆಬ್ಬೆರಳು ಇಟ್ಟೆ.

ಕಚ್ಚು ಸಿಕ್ಕಿತು.

ಆಗಸ್ಟ್ 24, ಭಾನುವಾರ

ಮೂರು ವರ್ಷದ ಮೇಲೆ ಡೇರಿಯ ನೇರ ದಾರಿಯಲ್ಲಿ ನಡೆದೆ. ಜಗಳ ಆಡೋಕೆ. ನನ್ನ ಭೂಮಿಗೆ ಕೈ ಹಾಕೋಕೆ ಅವನ್ಯಾರು?

ಶಂಭು ಲೇತ್ ನಿಲ್ಲಿಸಲಿಲ್ಲ. "ಏನ್ಲಾ ಅನಂತ, ದಾರಿ ತಪ್ಪಿತಾ?"

"ನನ್ನ ಭೂಮಿ ಕೊರೆದೋನು ನೀನಾ?"

"ನನ್ನ ಯುರೇನಸ್ ಕೊರೆದೋನು ನೀನಾ?"

ಅವನು ತಿರುಗೋ ಮರಕ್ಕೆ ಅರಗು ಒತ್ತಿದ.

"ಶ್ರುತಿ ಹೇಳಿದ್ಳು, ಭೂಮಿ ನೆಟ್ಟಗೈತೆ ತಾತ, ಆ ಅಂಕಲ್‌ನ ನೋಡಿ ನಗ್ತಾರೆ ಅಂತ. ನೀನು ಐಸ್‌ಕ್ರೀಮು ಕೊಟ್ಟಿದ್ಯಲ್ಲ ಅವಳಿಗೆ" ಅಂದ. ಆ ಪಟ್ಟೆ ಭೂಮಿ ಅವನ ಕಿಟಕಿಯಲ್ಲಿ ಕೂತಿತ್ತು.

"ಮತ್ತೆ ನೆನ್ನೆ ಯಾಕೆ ಎದ್ದು ಹೇಳ್ಲಿಲ್ಲ? ಓರೆ ಕೊರೆದಿದ್ದು ನಾನು ಅಂತ ಯಾಕೆ ಅನ್ನಲಿಲ್ಲ?"

ಆಗ ಲೇತ್ ನಿಲ್ಲಿಸಿದ. "ಮೈಕು ಮುಂದೆ ಹಿಡಿದ್ರೆ ಬಾಯಿ ತಾನಾಗೇ ಬಿಚ್ಕತ್ತದೆ ಕಣ್ಲಾ. ಆ ಬುಗುರಿ ದಿನ ನಂಗೂ ಹಂಗೇ ಆಗಿತ್ತು. ಆಮೇಲೆ ಆಡಿದ್ದನ್ನ ವಾಪಸ್ ತಗೊಳ್ಳಕ್ಕೆ ಮೂರು ವರ್ಸ ಆದ್ರೂ ಆಗ್ಲಿಲ್ಲ. ನಿನ್ ಮನೆ ತಿರುವಿನ ತನಕ ಎಷ್ಟು ಸಲ ಬಂದು ಸೈಕಲ್ ತಿರುಗಿಸ್ಕೊಂಡು ಹೋಗಿವ್ನಿ ಗೊತ್ತಾ?"

"ನಾನು ಕ್ಷಮಿಸೋಕೆ ಬಂದಿಲ್ಲ."

"ಕೇಳ್ದೋರು ಯಾರ್ಲಾ? ಕೂತ್ಕೋ. ಆ ಉಳಿ ಕೊಡು ಇತ್ತಗೆ."

ಕೊಟ್ಟೆ. ಅದಕ್ಕೆ ಸಾಣೆ ಹಿಡಿದು ಎಷ್ಟೋ ದಿನ ಆಗಿತ್ತು, ನಾನೇ ಹಿಡಿದು ಕೊಟ್ಟೆ. ಮೊಂಡು ಉಳಿ ನೋಡೋಕಾಗಲ್ಲ ನನಗೆ.

ಆಗಸ್ಟ್ 25, ಸೋಮವಾರ

ಬೆಳಿಗ್ಗೆ ಶಾಲೆಗೆ ಹೋಗಿ, ಮೇಡಂ ಹತ್ತಿರ ಸ್ಕೆಚ್ ಪೆನ್ ಇಸ್ಕೊಂಡು, ಭೂಮಿಯ ಚೀಟಿ ಕಿತ್ತು ಬೇರೆ ಬರೆದೆ. ಮುತ್ತಿನಂಥ ಅಕ್ಷರ. "ಕಡೆದಿದ್ದು ಅನಂತರಾಜು. ಓರೆ ಕೊರೆದಿದ್ದು ಶಂಭುಲಿಂಗ. ನೆಲ, ಮೋಡ ಐದನೇ ಕ್ಲಾಸಿನ ಮಕ್ಕಳು." ಮೇಡಂ ಓದಿ ಏನೋ ಕೇಳೋಕೆ ಬಂದರು, ನಾನು ಹೊರಟುಬಂದೆ.

ಇದೇ ನೋಡಿ ಸರಿಯಾದ ಸೇಡು. ನನ್ನ ತಪ್ಪು ಎರಡೇ ದಿನದಲ್ಲಿ ತಿದ್ದಿಬಿಟ್ಟೆ. ಅವನದು ಮೂರು ವರ್ಷದ ಹಿಂದಿನ ಪೇಪರು, ಈಗ ಎಲ್ಲಿ ಹೋಗಿ ತಿದ್ದುತ್ತಾನೆ? ಆ ತುಂಡು ನನ್ನ ಪೆಟ್ಟಿಗೆಯಲ್ಲಿ ಇರೋ ತನಕ ಅವನು ಉರೀತಾನೇ ಇರಬೇಕು.

ಉರಿಯೋದು ನಾನು ಕಣ್ಣಾರೆ ನೋಡಬೇಕಲ್ಲ. ನಾಳೆ ಹಾಲು ಹಾಕಿ ಹಾಗೇ ಅವನ ಶೆಡ್ಡಿಗೆ ಹೋಗಿ ಒಂದು ಗಂಟೆ ಕೂತು ಬತ್ತೀನಿ. ಟೀ ಇಡ್ತೀನಿ ಅಂದವ್ನೆ.